ಸಾವಿರದ ಮೇಲಿನ ಇಪ್ಪತ್ನಾಲ್ಕು

"ತುಂಬಿದ್ರ ಏನ್ ಮಾಡೂದ್ರಿ ಗುರುಗಳ?"

ಈ ಮಾತನ್ನು ನನ್ನ ಜೊತೆಗಿದ್ದ ಕಂಪ್ಯೂಟರ್ ಮೇಷ್ಟ್ರ ಬಾಯಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಕಂಪ್ಯೂಟರಿನ ಡಿಸ್ಕಿನಲ್ಲಿ ಮುಕ್ಕಾಲು ಭಾಗ ಖಾಲಿ ಬಿದ್ದಿರುತ್ತಿತ್ತು, ಅವರಿಗೆ ಅದು ತುಂಬುವ ಭಯ. ಕೊಪ್ಪಳದ ಸ್ಟ್ಯಾಂಡಿನಲ್ಲಿ ಗಂಗಾವತಿ ಬಸ್ಸು ಖಾಲಿ ನಿಂತಿರುತ್ತಿತ್ತು, ಅವರು ಮಾತ್ರ ಓಡಿ ಹೋಗಿ ಕಿಟಕಿಯಿಂದ ಟವೆಲ್ ಹಾಕುತ್ತಿದ್ದರು. ಕ್ಲಾಸಿನಲ್ಲಿದ್ದ ಕುಡಿಯುವ ನೀರಿನ ಕ್ಯಾನ್ ಒಂದರ ವಿಷಯದಲ್ಲಿ ಮಾತ್ರ ತುಂಬುವ ಭಯ ಇರಲಿಲ್ಲ. ಅದು ಖಾಲಿಯಾದರೆ ಏನು ಗತಿ ಎಂದು ಚಿಂತಿಸುತ್ತಿದ್ದರು.

ಹೋದ ತಿಂಗಳು ತೀರಿಕೊಂಡರು. ಗಂಗಾವತಿಗೆ ಅವರ ಮಣ್ಣಿಗೆ ಹೋದಾಗ ಅಲ್ಲಿದ್ದವರೆಲ್ಲ ಒಂದೇ ಮಾತು ಆಡುತ್ತಿದ್ದರು: "ಭಾಳ ಫಿಕರ್ ಮಾಡ್ತಿದ್ರು, ಅದಕ್ಕ ಹಾರ್ಟ್ ಹೋತು." ನನಗೆ ಸಿಟ್ಟು ಬಂತು. ಫಿಕರ್ ಮಾಡುವವರೆಲ್ಲ ಸಾಯುವುದಾದರೆ ನಮ್ಮ ಜಿಲ್ಲೆಯಲ್ಲಿ ಓಟು ಹಾಕಲಿಕ್ಕೂ ಜನ ಉಳಿಯುತ್ತಿರಲಿಲ್ಲ. ಅವರು ಯಾವುದಕ್ಕೆ ಫಿಕರ್ ಮಾಡುತ್ತಿದ್ದರು, ಯಾರ ಸಲುವಾಗಿ ಮಾಡುತ್ತಿದ್ದರು ಎಂಬುದು ಅಲ್ಲಿ ಯಾರಿಗೂ ಬೇಕಿರಲಿಲ್ಲ. ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಾವಿಬ್ಬರೂ ಭಾಗ್ಯನಗರದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದೆವು. ಕೆಳಗೆ ಹೆಂಗಸರು ವಿಗ್ಗಿಗೆಂದು ಕೂದಲು ಬಿಡಿಸುವ ಶೆಡ್ಡು, ಮೇಲಿನ ಮಹಡಿಯಲ್ಲಿ ನಮ್ಮ ಎರಡು ಕೋಣೆ. ನಾನು ಕನ್ನಡ, ಅವರು ಕಂಪ್ಯೂಟರ್. ಸರ್ಕಾರಿ ನೌಕರಿಯ ಪರೀಕ್ಷೆ ಬರೆಯುವವರು ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಂದ ಭಾನುವಾರ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಅವರಲ್ಲಿ ಅರ್ಧಕ್ಕರ್ಧ ಮಂದಿ ಕಂಪ್ಯೂಟರನ್ನು ಬ್ಯಾಂಕಿನ ಕಿಂಡಿಯಾಚೆ ಕಂಡವರೇ ಹೊರತು ಮುಟ್ಟಿ ನೋಡಿದವರಲ್ಲ. ಅವರಿಗೆ ಬಿಟ್ಟು, ಬೈಟು, ಕಿಲೋಬೈಟು ಎಂದರೆ ಏನು ಹೇಳುವುದು?

ನಮ್ಮ ಕಂಪ್ಯೂಟರ್ ಮೇಷ್ಟ್ರು ಬೆರಳು ಹಿಡಿಸುತ್ತಿದ್ದರು. "ಕರೆಂಟ್ ಐತಿ, ಇಲ್ಲ. ಕಂಪ್ಯೂಟರಿಗೆ ಗೊತ್ತಿರೂದು ಎರಡ. ಅದಕ್ಕ ಅದು ದುಪ್ಪಟ್ಟು ಮಾಡಕೋತ ಹೋಗತೈತಿ. ಎಲ್ಲಾರೂ ಎರಡೂ ಕೈ ಮುಂದ ಹಿಡೀರಿ." ಒಂದು ಬೆರಳು ಮಡಚಿದರೆ ಎರಡು, ಇನ್ನೊಂದಕ್ಕೆ ನಾಲ್ಕು, ಮತ್ತೊಂದಕ್ಕೆ ಎಂಟು, ಹದಿನಾರು, ಮೂವತ್ತೆರಡು. ಇಡೀ ಕ್ಲಾಸು ಒಂದೇ ದನಿಯಲ್ಲಿ ಹೇಳುತ್ತ ಹೋಗಿ, ಹತ್ತೂ ಬೆರಳು ಮಡಚಿ ಮುಷ್ಟಿಯಾದಾಗ "ಸಾವಿರದ ಇಪ್ಪತ್ನಾಕು!" ಎಂದು ಕೂಗುತ್ತಿತ್ತು. ಅಷ್ಟು ಬೈಟು ಸೇರಿದರೆ ಒಂದು ಕಿಲೋಬೈಟ್, ಅಷ್ಟು ಕಿಲೋಬೈಟಿಗೆ ಒಂದು ಮೆಗಾಬೈಟ್, ಹಾಗೇ ಗಿಗಾ, ಟೆರಾ. ಪಕ್ಕದ ಕೋಣೆಯಲ್ಲಿ ಸಂಧಿ ಬಿಡಿಸುತ್ತಿದ್ದ ನನ್ನ ಪಾಠ ಆ ಕೂಗಿಗೆ ನಿಂತೇ ಹೋಗುತ್ತಿತ್ತು. ನನ್ನ ವಿದ್ಯಾರ್ಥಿಗಳೂ ಬೆಂಚಿನ ಕೆಳಗೆ ಬೆರಳು ಮಡಚುತ್ತಿದ್ದರು.

ಅವರ ಗಾಬರಿಯ ಒಂದು ಕಥೆ ಹೇಳಬೇಕು. ಕ್ಲಾಸಿಗೆಂದು ಗಂಗಾವತಿಯಿಂದ ಒಂದು ಟೆರಾಬೈಟಿನ ಹಾರ್ಡ್ ಡಿಸ್ಕ್ ತಂದರು. ಹಚ್ಚಿ ನೋಡಿದರೆ ಕಂಪ್ಯೂಟರು ಒಂಬೈನೂರ ಮೂವತ್ತೊಂದು ಜಿಬಿ ಎಂದು ತೋರಿಸಿತು. ಮನುಷ್ಯನ ಮುಖ ಸಣ್ಣದಾಯಿತು. "ಉಳಿದದ್ದು ಎಲ್ಲಿ ಹೋತ್ರಿ ಗುರುಗಳ? ಬ್ಯಾರೇದವರು ಯಾರರ ಬಳಸಿದ್ದನ್ನ ಅಂಗಡಿಯಂವ ಕೊಟ್ಟಾನೇನ್ರಿ?" ಮರುದಿನ ನನ್ನನ್ನೂ ಎಳೆದುಕೊಂಡು ಗಂಗಾವತಿಗೆ ಹೋದರು. ಅಂಗಡಿಯವನು ಪಾಪ ಇನ್ನೊಂದು ಹೊಸ ಡಿಸ್ಕ್ ಒಡೆದು ಹಚ್ಚಿದ. ಅದೂ ಅಷ್ಟೇ. ಮತ್ತೊಂದು ಒಡೆಸಿದರು, ಅದೂ ಅಷ್ಟೇ. ಅಂಗಡಿಯವನ ಕೈ ನಾಲ್ಕನೆಯದಕ್ಕೆ ಹೋಗುವ ಮುಂಚೆ ನಾನು ಅವರ ರಟ್ಟೆ ಹಿಡಿದು ಹೊರಗೆ ತಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ತಮ್ಮಷ್ಟಕ್ಕೆ ತಾವು ಬೆರಳು ಮಡಚುತ್ತ ಕೂತಿದ್ದವರು ಒಮ್ಮೆಲೇ ಹಣೆ ಬಡಿದುಕೊಂಡು ನಕ್ಕರು. ಡಿಸ್ಕ್ ಮಾಡುವ ಕಂಪನಿ ಸಾವಿರ ಸಾವಿರದಂತೆ ಎಣಿಸಿ ಟೆರಾ ಎನ್ನುತ್ತದೆ, ನಮ್ಮ ಕಂಪ್ಯೂಟರು ಅದನ್ನೇ ಸಾವಿರದ ಇಪ್ಪತ್ನಾಲ್ಕರಂತೆ ಎಣಿಸಿ ತೋರಿಸುತ್ತದೆ, ಅದಕ್ಕೇ ಸಂಖ್ಯೆ ಸಣ್ಣದು. ಒಂದು ಬೈಟೂ ಎಲ್ಲಿಗೂ ಹೋಗಿರಲಿಲ್ಲ. ದಿನಾ ಪಾಠ ಹೇಳುವ ಮನುಷ್ಯನಿಗೆ ಇದು ಗೊತ್ತಿಲ್ಲವೇ ಎಂದರೆ, ಗೊತ್ತಿತ್ತು. ಗಾಬರಿಯಾದಾಗ ಗೊತ್ತಿದ್ದದ್ದೂ ಮರೆತುಹೋಗುವುದು ಅವರ ಸ್ವಭಾವ.

ಅಲ್ಲಿಂದ ಮುಂದೆ ಆ ಡಿಸ್ಕಿನ ಕಥೆ ಅವರ ಪಾಠಕ್ಕೆ ಸೇರಿತು. ಅವರ ಅಪ್ಪ ಗಂಗಾವತಿ ಮಾರುಕಟ್ಟೆಯಲ್ಲಿ ಭತ್ತ ತೂಗುತ್ತಿದ್ದವರು. ರೈತ ತಂದ ಮಾಲಿನಲ್ಲಿ ಚೀಲದ ತೂಕ, ಕಸ, ತೇವ ಎಂದು ಒಂದಿಷ್ಟು ಕಡಿದುಕೊಂಡು ಉಳಿದದ್ದಕ್ಕೆ ಮಾತ್ರ ರೇಟು ಕಟ್ಟುವುದಕ್ಕೆ ನಮ್ಮ ಕಡೆ ಸೂಟು ಎನ್ನುತ್ತಾರೆ. "ಹೊಲದಾಗ ತೂಗಿದ್ದ ಒಂದು, ಅಡತಿ ಅಂಗಡ್ಯಾಗ ತೂಗಿದ್ದ ಒಂದು. ಡಿಸ್ಕಿಂದೂ ಹಂಗ. ಸೂಟು ಹಿಡದಂಗ ಅನ್ಕೋರಿ" ಎನ್ನುತ್ತಿದ್ದರು. ಉದಾಹರಣೆ ಸ್ವಲ್ಪ ಕುಂಟುತ್ತಿತ್ತು. ಸೂಟಿನಲ್ಲಿ ಕಾಳು ನಿಜವಾಗಿ ಇನ್ನೊಬ್ಬರ ಪಾಲಾಗುತ್ತದೆ, ಇಲ್ಲಿ ಅಳತೆ ಬೇರೆ ಅಷ್ಟೆ. ಆದರೆ ಕ್ಲಾಸಿನಲ್ಲಿದ್ದವರೆಲ್ಲ ಸೂಟು ಕೊಟ್ಟ ಮನೆಯವರು, ಹೋ ಎಂದು ನಗುತ್ತಿದ್ದರು. ನಗು ಬಂದರೆ ಪಾಠ ತಲೆಗೆ ಹತ್ತಿತು ಎಂದೇ ನಾವು ಮೇಷ್ಟ್ರುಗಳು ತಿಳಿದಿರುತ್ತೇವೆ.

ಆ ನಗುವವರಲ್ಲಿ ಬೇವೂರಿನ ರೇಣುಕಾ ಇದ್ದಳು. ಯಲಬುರ್ಗಾದ ಹಾಸ್ಟೆಲೊಂದರಲ್ಲಿ ದಿನಗೂಲಿಯ ಅಡುಗೆ ಸಹಾಯಕಿ. ಅಪ್ಪ ತೀರಿಹೋಗಿದ್ದ, ಮನೆಯಲ್ಲಿ ತಾಯಿ ಒಬ್ಬಳು. ಕ್ಲಾಸಿನಲ್ಲಿ ಎಲ್ಲರಿಗಿಂತ ದೊಡ್ಡವಳು, ಹುಡುಗಿಯರು ಅವಳನ್ನು ಅಕ್ಕಾ ಎನ್ನುತ್ತಿದ್ದರು. ಭಾನುವಾರವೂ ಬೆಳಗಿನ ಉಪ್ಪಿಟ್ಟು ಮುಗಿಸಿಯೇ ಬಸ್ಸು ಹತ್ತುತ್ತಿದ್ದುದರಿಂದ ತಡವಾಗಿ ಬಂದು ಹಿಂದಿನ ಬೆಂಚಿನಲ್ಲಿ ಕೂಡುತ್ತಿದ್ದಳು. ಆ ವರ್ಷ ಇಲಾಖೆಯೊಂದರ ಗುಮಾಸ್ತೆ ಹುದ್ದೆಗೆ ಪರೀಕ್ಷೆ ಬಂತು. ಮುಂದಿನ ಸಲಕ್ಕೆ ಅವಳ ವಯಸ್ಸು ಮಿತಿ ದಾಟುತ್ತಿತ್ತು. "ಇದು ಹೋದ್ರ ಒಲಿ ಮುಂದ ಕುಂದ್ರೂದ ಐತ್ರಿ ಸರ್" ಎಂದು ನಗುತ್ತ ಹೇಳಿದ್ದಳು. ಅವಳು ನಕ್ಕಳು, ಇವರು ಅವತ್ತು ಊಟ ಮಾಡಲಿಲ್ಲ.

ಪರೀಕ್ಷೆ ಆಯಿತು. ಕೆಲವು ವಾರಗಳ ಮೇಲೆ ತಾತ್ಕಾಲಿಕ ಕೀ ಉತ್ತರಗಳು ವೆಬ್‌ಸೈಟಿನಲ್ಲಿ ಬಂದವು. ನಾನು ಕನ್ನಡದ ಪ್ರಶ್ನೆಗಳನ್ನು ನೋಡುತ್ತಿದ್ದೆ. ಪಕ್ಕದ ಕೋಣೆಯಿಂದ ಕುರ್ಚಿ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಇವರು ಪರದೆಯ ಮುಂದೆ ನಿಂತಿದ್ದರು. ಒಂದು ಕಿಲೋಬೈಟ್ ಎಂದರೆ ಎಷ್ಟು ಬೈಟ್ ಎಂಬ ಪ್ರಶ್ನೆ. ಆಯ್ಕೆಗಳಲ್ಲಿ ಸಾವಿರವೂ ಇತ್ತು, ಸಾವಿರದ ಇಪ್ಪತ್ನಾಲ್ಕೂ ಇತ್ತು. ಕೀ ಉತ್ತರ ಸಾವಿರ ಎಂದಿತ್ತು.

"ನನ್ನ ಮಾತು ಕೇಳಿ ಬರದಾರ್ರಿ ಎಲ್ಲಾರೂ. ಎಲ್ಲಾರದೂ ಒಂದೊಂದು ಮಾರ್ಕ್ ಹೋತಲ್ರಿ. ರೇಣುಕಾಂದು ಹೋತಲ್ರಿ!" ನಾನು ಸಮಾಧಾನ ಹೇಳಿದೆ. ಕೀ ಉತ್ತರ ತಪ್ಪಿದ್ದರೆ ಪರೀಕ್ಷೆ ಬರೆದವರು ತಮ್ಮ ನೋಂದಣಿ ಸಂಖ್ಯೆಯಿಂದ ಆಧಾರ ಸಮೇತ ಆಕ್ಷೇಪಣೆ ಹಾಕಬಹುದು, ಅದಕ್ಕೆ ಒಂದು ವಾರ ಸಮಯವಿತ್ತು. ಆದರೆ ಒಂದು ವಾರ ಕಾಯುವ ಜೀವವೇ ಅದು? ಕ್ಲಾಸಿನ ಒಬ್ಬ ಹುಡುಗನಿಗೆ ಫೋನು ಮಾಡಿ ಅವನ ಸಂಖ್ಯೆ ತಗೊಂಡು, ಪಠ್ಯಪುಸ್ತಕಗಳ ಪುಟ ಸ್ಕ್ಯಾನ್ ಮಾಡಿ, ಆ ಸಂಜೆಯೇ ಆಕ್ಷೇಪಣೆ ಹಾಕಿಸಿದರು. ಊರೂರಿನ ಕ್ಲಾಸಿನವರೂ ಹಾಕುತ್ತಿದ್ದಾರೆ ಎಂದು ಸುದ್ದಿ ಬಂದಾಗ ಮೊದಲ ಸಲ ಅವರು ಒಂದು ಪೂರ್ತಿ ಕಪ್ ಚಹಾ ಕುಡಿದದ್ದು ಕಂಡೆ.

ಭಾನುವಾರ ರೇಣುಕಾ ಬಂದಳು. ಎಂದೂ ಇಲ್ಲದೆ ಬೇಗ ಬಂದಿದ್ದಳು, ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ.

"ಸರ್, ಕೀ ಉತ್ತರಕ್ಕ ಹಚ್ಚಿ ನೋಡೀನ್ರಿ. ಹೋದ ಸಲದ ಕಟಾಫ್ ಮಾರ್ಕಿಗೆ ಸರಿಯಾಗಿ ಬಂದೈತ್ರಿ. ಈ ಸಲ ಆಗತೈತಿ ಅನಸ್ತೈತ್ರಿ."

"ಇನ್ನೂ ಒಂದು ಮಾರ್ಕ್ ಹೆಚ್ಚಿಗಿ ಬರತೈತಿ ತಂಗಿ" ಎಂದರು ಇವರು, ಹಿಗ್ಗಿನಿಂದ. "ಕಿಲೋಬೈಟಿಂದು ಅವರು ತಪ್ಪು ಕೊಟ್ಟಾರ. ನಾ ಆಕ್ಷೇಪಣೆ ಹಾಕಸೀನಿ. ಸಾವಿರದ ಇಪ್ಪತ್ನಾಕು ಅಂತ ತಿದ್ದೇ ತಿದ್ದತಾರ."

ರೇಣುಕಾ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದವಳು ಹಾಗೇ ನಿಂತಳು. "ನಾ ಉತ್ತರದ ಹಾಳ್ಯಾಗ ಸಾವಿರಕ್ಕ ಗೋಲ ತುಂಬೀನ್ರಿ ಸರ್."

"ಯಾಕ? ಬೆರಳ ಎಣಸಲಿಲ್ಲನು?"

"ಎಣಸೀನ್ರಿ. ಆದ್ರ ಎರಡೂ ಇದ್ವಲ್ರಿ ಅದರಾಗ. ನೀವು ಸೂಟು ಅಂತ ಹೇಳಿದ್ರಿ. ತೂಗೂದು ಸಾವಿರದ ಇಪ್ಪತ್ನಾಕು, ಇಪ್ಪತ್ನಾಕು ಸೂಟಿಗೆ ಹೋದ್ರ ಕೈಗೆ ಬರೂದು ಸಾವಿರ. ನಮ್ಮಪ್ಪ ಹೆಸರುಕಾಳು ಮಾರಾಕ ಹೋದಾಗೂ ಹಂಗರಿ. ಕೈಗೆ ಬಂದದ್ದ ಲೆಕ್ಕ, ತೂಗಿದ್ದಲ್ಲ."

ಕೆಳಗಿನ ಶೆಡ್ಡಿನಲ್ಲಿ ಹೆಂಗಸರು ಮಾತಾಡುವುದು ಕೇಳುತ್ತಿತ್ತು. ಅವಳು ತಪ್ಪು ತರ್ಕದಿಂದ ಸರಿ ಗೋಲ ತುಂಬಿದ್ದಳು. ಇವರು ಸರಿ ತರ್ಕದಿಂದ ಆ ಗೋಲವನ್ನು ತಪ್ಪು ಮಾಡಲು ಹೊರಟಿದ್ದರು. ನನಗೆ ನಿಜವಾಗಿಯೂ ಹೆದರಿಕೆಯಾಯಿತು, ಯಾಕೆಂದರೆ ಅವರ ಮುಖದಲ್ಲಿ ಬಣ್ಣವೇ ಇರಲಿಲ್ಲ.

ಹಾಕಿದ ಆಕ್ಷೇಪಣೆ ವಾಪಸು ತಗೊಳ್ಳಲು ವೆಬ್‌ಸೈಟಿನಲ್ಲಿ ದಾರಿಯಿರಲಿಲ್ಲ. ಸಹಾಯವಾಣಿಗೆ ಹಚ್ಚಿದ ಫೋನು ಹಾಡು ಹಾಡಿ ಕಡಿದುಹೋಗುತ್ತಿತ್ತು. ಎರಡು ದಿನ ಬಿಟ್ಟು ಅವರು ಒಂದು ಹೊಸ ಸಂಗತಿ ಹಿಡಿದು ಬಂದರು. ಜಗತ್ತಿನ ಅಳತೆಗಳ ನಿಯಮ ಮಾಡುವವರು ಈ ಗೊಂದಲ ಬೇಡವೆಂದು ಯಾವತ್ತೋ ಹೆಸರು ಬೇರೆ ಮಾಡಿಬಿಟ್ಟಿದ್ದರಂತೆ. ಕಿಲೋ ಎಂದರೆ ಸಾವಿರವೇ, ಕಿಲೋಗ್ರಾಂ, ಕಿಲೋಮೀಟರಿನ ಹಾಗೆ. ಸಾವಿರದ ಇಪ್ಪತ್ನಾಲ್ಕಕ್ಕೆ ಕಿಬಿಬೈಟ್ ಎನ್ನಬೇಕು. ಅದರ ಮೇಲೆ ಮೆಬಿ, ಗಿಬಿ, ಟೆಬಿ. ಆದರೆ ಪುಸ್ತಕಗಳು, ಕ್ಲಾಸುಗಳು, ಅರ್ಧ ಕಂಪ್ಯೂಟರುಗಳು ಹಳೆಯ ರೂಢಿಯನ್ನೇ ಬಿಡದೆ ನಡೆಸುತ್ತಿವೆ, ಅದನ್ನೂ ತಪ್ಪೆನ್ನುವಂತಿಲ್ಲ. ಕಿಬಿ, ಮೆಬಿ ಎಲ್ಲ ತೊಟ್ಟಿಲಲ್ಲಿರುವ ಕೂಸುಗಳ ಹೆಸರಿದ್ದಂತಿವೆ ಎಂದು ನಾನು ನಗಿಸಲು ನೋಡಿದೆ. ಅವರು ನಗಲಿಲ್ಲ. "ಇಷ್ಟು ವರ್ಷ ಅರ್ಧ ಹೇಳೀನಲ್ರಿ ಗುರುಗಳ" ಎಂದರು.

"ಈಗ ಏನ್ ಮಾಡ್ತೀರಿ?"

"ಇಕೀದು ಉಳಸಾಕ ಹೋದ್ರ ಉಳಿದವರದು ಹೋಗತೈತಿ. ಅವರೂ ನನ್ನ ಮಾತು ನಂಬಿದವರು. ಎರಡೂ ಸರಿ ಹಿಡೀರಿ ಅಂತ ರೇಣುಕಾನ ನಂಬರಿನಿಂದ ಇನ್ನೊಂದು ಹಾಕಸ್ತೀನಿ."

"ಒಂದ ಕ್ಲಾಸಿನಿಂದ ಎರಡು ಮಾತು ಹೋದ್ರ ಎರಡನ್ನೂ ಕಸದ ಬುಟ್ಟಿಗೆ ಹಾಕ್ತಾರ್ರಿ" ಎಂದೆ. ಹಾಗೆ ಹೇಳಿದ್ದು ಅವರನ್ನು ಇನ್ನಷ್ಟು ಹೆದರಿಸಿತು, ಆದರೂ ಅವರು ಕೂತು ಬರೆದರು. ಕನ್ನಡ ತಿದ್ದಿಕೊಟ್ಟದ್ದು ನಾನೇ.

ಕೊನೆಯ ದಿನ ಸಂಜೆ ಐದೂವರೆಗೆ ಸೈಟಿನಲ್ಲಿ ಆಕ್ಷೇಪಣೆಯ ಕಿಂಡಿ ಮುಚ್ಚುತ್ತಿತ್ತು. ಮಧ್ಯಾಹ್ನವೆಲ್ಲ ಕರೆಂಟಿಲ್ಲ. ಬಂದ ಮೇಲೆ ಪುಟಗಳನ್ನು ಸ್ಕ್ಯಾನ್ ಮಾಡಿ ಒಂದು ಫೈಲು ಮಾಡಿದರು. ಎರಡು ಎಂಬಿಯೊಳಗೆ ಇರಬೇಕೆಂಬ ನಿಯಮ. ನಮ್ಮ ಕಂಪ್ಯೂಟರು ಅದರ ತೂಕ ಒಂದು ಪಾಯಿಂಟ್ ಒಂಬತ್ತು ನಾಲ್ಕು ಎಂಬಿ ಎಂದು ತೋರಿಸುತ್ತಿತ್ತು. ಏರಿಸಿದರೆ ಸೈಟು ಕೆಂಪಕ್ಷರದಲ್ಲಿ ಹೇಳಿತು: ಕಡತದ ಗಾತ್ರ ಮಿತಿ ಮೀರಿದೆ. ಮತ್ತೆ ಏರಿಸಿದರು, ಮತ್ತೆ ಅದೇ. ರೇಣುಕಾ ಹಾಸ್ಟೆಲಿನಿಂದ ಫೋನಿನಲ್ಲಿದ್ದಳು, ಅವಳ ಫೋನಿಗೆ ಬರುತ್ತಿದ್ದ ಓಟಿಪಿ ಓದಿ ಹೇಳುತ್ತಿದ್ದಳು. ಹಿಂದೆ ಪಾತ್ರೆಗಳ ಸದ್ದು. "ಆತೇನ್ರಿ ಸರ್?" "ಆಗತೈತಿ ತಂಗಿ, ತಡೀ." ಮೌಸಿನ ಬಾಣ ಪರದೆಯ ಮೇಲೆ ಎಲ್ಲೆಲ್ಲೋ ಓಡುತ್ತಿತ್ತು.

ಒಮ್ಮೆಲೇ ಕುರ್ಚಿಯಿಂದ ಎದ್ದರು. "ಗುರುಗಳ, ಇವರ ಸೈಟೂ ಸಾವಿರದಾಗ ತೂಗತೈತ್ರಿ! ನಮ್ಮ ಮಶೀನ್ ಸಾವಿರದ ಇಪ್ಪತ್ನಾಕರಾಗ. ಅದಕ್ಕ ನಮಗ ಕಡಿಮಿ ಕಂಡದ್ದು ಅವರಿಗೆ ಹೆಚ್ಚಿಗಿ!" ಅವರ ಕಣ್ಣು ಮಿಂಚಿತು. ಅವರ ಸೈಟೇ ಕಿಲೋ ಎಂದರೆ ಸಾವಿರ ಎನ್ನುತ್ತಿರುವಾಗ ರೇಣುಕಾಳ ಉತ್ತರವನ್ನು ತಪ್ಪು ಎನ್ನಲಿಕ್ಕಾದರೂ ಹೇಗೆ ಸಾಧ್ಯ? ನನಗೂ ಹಾಗೇ ಅನಿಸಿತು. ಪುಟಗಳನ್ನು ಮತ್ತೆ ಸ್ವಲ್ಪ ಮಸುಕಾಗಿ ಸ್ಕ್ಯಾನ್ ಮಾಡಿ ಗಾತ್ರ ಇಳಿಸಿದೆವು. ಕಿಂಡಿ ಮುಚ್ಚುವ ಮುನ್ನ ಫೈಲು ಹೋಯಿತು. ರೇಣುಕಾಗೆ ಹೇಳಿ ಫೋನಿಟ್ಟ ತಕ್ಷಣ ಅವರಿಗೆ ಹೊಸ ಫಿಕರ್ ಹತ್ತಿತು: "ಭಾಳ ಮಸುಕಾತೇನ್ರಿ? ಅಕ್ಷರ ಕಾಣತಾವಿಲ್ರಿ?"

ಆಮೇಲಿನ ದಿನಗಳು ಅವರನ್ನು ತಿಂದುಹಾಕಿದವು. ಮಿರ್ಚಿ ಮಂಡಕ್ಕಿ ಮುಂದಿಟ್ಟರೆ ಎಡಗೈಯಲ್ಲಿ ಫೋನು ತಿಕ್ಕುತ್ತ ಸೈಟು ತೆಗೆಯುತ್ತಿದ್ದರು, ಮಂಡಕ್ಕಿ ಮೆತ್ತಗಾಗುತ್ತಿತ್ತು. ಹೊಸ ಬ್ಯಾಚಿನ ಹುಡುಗಿಯೊಬ್ಬಳು "ಕೆಬಿ ಅಂದ್ರ ಎಷ್ಟ್ರಿ ಸರ್?" ಎಂದಾಗ ಬೋರ್ಡಿನ ಕಡೆ ತಿರುಗಿ ಚಾಕ್‌ಪೀಸು ಹಿಡಿದು ನಿಂತೇಬಿಟ್ಟರು. ಆ ಪಾಠ ಅವತ್ತು ಆಗಲಿಲ್ಲ. ನಾನು ಬೈದೆ. "ನಿಮ್ಮ ಕೈಲಾದದ್ದು ಮಾಡೀರಿ, ಇನ್ನ ಬಿಡ್ರಿ" ಎಂದೆ. ಬೈದು ಮನೆಗೆ ಬಂದು ನಾನೂ ಅದೇ ಸೈಟು ತೆಗೆದು ನೋಡುತ್ತಿದ್ದೆ. ಒಬ್ಬರ ಫಿಕರ್ ಇನ್ನೊಬ್ಬರಿಗೆ ಇಷ್ಟು ಸಲೀಸಾಗಿ ಹತ್ತುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಅಂತಿಮ ಕೀ ಉತ್ತರ ಬಂತು. ಎರಡೂ ಸರಿ ಎಂದಿರಲಿಲ್ಲ. ಸಾವಿರದ ಇಪ್ಪತ್ನಾಲ್ಕು ಒಂದೇ ಸರಿ. ಕಾರಣ ಏನೂ ಬರೆದಿರಲಿಲ್ಲ. ಜೊತೆಗೇ ಆಯ್ಕೆಯಾದವರ ಹೆಸರುಗಳೂ ಬಂದಿದ್ದವು. ನಮ್ಮ ಕ್ಲಾಸಿನ ಇಬ್ಬರು ಇದ್ದರು. ಅವರು ಪೇಡೆ ತಂದರು, ಇವರ ಕಾಲು ಮುಟ್ಟಿದರು. ಇವರು ಅವರ ತಲೆ ಮುಟ್ಟಿ ಛಲೋ ಆತು, ಛಲೋ ಆತು ಎಂದರು. ರೇಣುಕಾ ಒಂದು ಅಂಕದಿಂದ ಹೊರಗುಳಿದಿದ್ದಳು.

"ಫೋನಿನಾಗ ಹೇಳೂ ಮಾತಲ್ರಿ ಇದು" ಎಂದರು. ಇಬ್ಬರೂ ಬೇವೂರಿನ ಬಸ್ಸು ಹತ್ತಿದೆವು. ಬಸ್ಸು ಇಳಿಯುವಾಗ, ಅವಳು ಅಳುತ್ತಿದ್ದರೆ ಏನು ಮಾಡುವುದು ಎಂದು ಕೇಳಿದರು.

ಅವಳು ಅಳುತ್ತಿರಲಿಲ್ಲ. ಕಟ್ಟೆಯ ಮೇಲೆ ತಾಯಿಯ ಜೊತೆ ಕೂತು ತೊಗರಿ ಹಸನು ಮಾಡುತ್ತಿದ್ದವಳು ನಮ್ಮನ್ನು ಕಂಡು ಎದ್ದು ಚಾಪೆ ಹಾಸಿದಳು. "ನೋಡೀನ್ರಿ ಸರ್" ಎಂದು ತಾನೇ ಹೇಳಿದಳು, ಇವರು ಬಾಯಿ ತೆಗೆಯುವ ಮುಂಚೆ. ತಾಯಿ ನೀರಿನ ತಂಬಿಗೆ ತಂದಿಟ್ಟಳು.

"ನಂದ ತಪ್ಪು ತಂಗಿ" ಎಂದರು ಇವರು. "ಸೂಟಿನ ಮಾತು ನಾ ಹೇಳಬಾರದಿತ್ತು. ನಿನ್ನ ಕೇಳದ ಆಕ್ಷೇಪಣೆ ಹಾಕಸಬಾರದಿತ್ತು."

"ನೀವು ಹಾಕಸದಿದ್ರೂ ಮಂದಿ ಬಿಡತಿದ್ದಿಲ್ರಿ." ಮೊರದಲ್ಲಿ ಕೈಯಾಡಿಸಿದಳು. "ಒಂದು ಕೇಳತೀನ್ರಿ. ಖರೇ ಯಾವುದ್ರಿ? ಸಾವಿರನೋ, ಸಾವಿರದ ಇಪ್ಪತ್ನಾಕೋ?"

ಅವರು ನನ್ನ ಕಡೆ ನೋಡಲಿಲ್ಲ, ಅವಳನ್ನೇ ನೋಡಿ ಹೇಳಿದರು. "ಎರಡೂ ಖರೇ ತಂಗಿ. ಹಳೇ ರೂಢಿಗೆ ಸಾವಿರದ ಇಪ್ಪತ್ನಾಕು, ಹೊಸಾ ನಿಯಮಕ್ಕ ಸಾವಿರ."

"ಹಂಗಂದ್ರ ನಂದು ತಪ್ಪಲ್ಲ."

"ಅಲ್ಲ. ನಿಂದು ತಪ್ಪಲ್ಲ."

ಅವಳು ತಲೆಯಾಡಿಸಿ ಚಹಾ ಕಾಸಲು ಒಳಗೆ ಹೋದಳು. ಇಷ್ಟೂ ಹೊತ್ತು ನಮ್ಮ ಮುಖಗಳನ್ನೇ ನೋಡುತ್ತ ಕೂತಿದ್ದ ತಾಯಿ ಇವರ ಕಡೆ ಸ್ವಲ್ಪ ಬಾಗಿ ಕೇಳಿದಳು: "ತಪ್ಪಿಲ್ಲಂದ್ರ ಮತ್ತ ನೌಕರಿ ಯಾಕ ಬರಲಿಲ್ರೀ ಮಾಸ್ತರ?"

ಅವರು ನನ್ನನ್ನು ನೋಡಿದರು. ನಾನು ಮೊರ ಎಳೆದುಕೊಂಡು ತೊಗರಿ ಆರಿಸತೊಡಗಿದೆ.

"ಯವ್ವಾ, ಸುಮ್ಕಿರು" ಎಂದು ಒಳಗಿನಿಂದ ರೇಣುಕಾಳ ದನಿ ಬಂತು. "ಸರ್ ಏನೂ ತಿಂದು ಬಂದಿರೂದಿಲ್ಲ. ಅವರಿಗೆ ಮೊದಲ ರೊಟ್ಟಿ ಹಾಕು."